ಕೋವಿಯ ಮರ ಬದಲಿಸುವ ಮುನ್ನ: ಕೊಡಗಿನ ಕೋವಿ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಕಕ್ಕಡ ತಿಂಗಳ ಮಳೆ ಹಿಂದಾಗಿ, ಆಯುಧಗಳನ್ನು ಪೂಜಿಸುವ ಹಬ್ಬವಾದ ಕೈಲ್‌ಪೊಳ್ದ್ ಹತ್ತಿರವಾದಾಗ ಪ್ರತಿ ಮನೆಯಲ್ಲೂ ಕೋವಿಯನ್ನು ಕೆಳಗಿಳಿಸುತ್ತಾರೆ. ದೇವರ ದೀಪವಿರುವ ನಡುಮನೆ, ಅಂದರೆ ನೆಲ್ಲಕ್ಕಿ ನಡುಬಾಡೆಯಲ್ಲಿ ಇಡುವ ಮೊದಲು ಬಟ್ಟೆಯಿಂದ ಒರೆಸುವಾಗಲೇ ಬಿರುಕು ಕಣ್ಣಿಗೆ ಬೀಳುವುದು. ಆ ಎರಡು ವಾರ ನನಗೆ ಬರುವ ಫೋನುಗಳಿಗೆ ಲೆಕ್ಕವಿಲ್ಲ. ನಾನು ಕೋವಿ ರಿಪೇರಿಯ ವೃತ್ತಿಯವನಲ್ಲ, ಕಾಫಿ ಬೆಳೆಗಾರ. ಆದರೆ ಅಪ್ಪನ .22 ರೈಫಲ್, ದೊಡ್ಡಪ್ಪನ ಜೋಡು ನಳಿಗೆ ಕೋವಿ ಮತ್ತು ಸುತ್ತಮುತ್ತಲಿನ ಹಲವು ಮನೆಗಳ ಕೋವಿಗಳಿಗೆ ಮರ ಹುಡುಕಿ, ಮಿಸ್ತ್ರಿಯ ಪಕ್ಕದಲ್ಲಿ ಕುಳಿತು ಕೂರಿಸಿದ್ದನ್ನು ನೋಡಿದ್ದೇನೆ. ಹಣ ಎಲ್ಲಿ ಉಳಿಯುತ್ತದೆ, ಎಲ್ಲಿ ಸುಮ್ಮನೆ ಹಾಳಾಗುತ್ತದೆ ಎಂಬುದನ್ನು ಅಲ್ಲಿಂದಲೇ ಕಲಿತೆ.

ಸ್ಟಾಕ್ ಎಂದರೆ ಯಾವ ಭಾಗ? ಬಟ್ ಎಂದರೆ ಅದೇನಾ?

ಲೋಹದ ಭಾಗಗಳನ್ನು ಹೊತ್ತುಕೊಂಡಿರುವ ಮರದ ಭಾಗವೆಲ್ಲ ಸ್ಟಾಕ್. ಅದರಲ್ಲಿ ಹೆಗಲಿಗೆ ಒತ್ತುವ ಹಿಂದಿನ ತುದಿ ಬಟ್. ಟ್ರಿಗರಿನ ಹಿಂದೆ ಅಂಗೈ ಸುತ್ತಿಕೊಳ್ಳುವ ತೆಳುವಾದ ಭಾಗವನ್ನು ನಮ್ಮಲ್ಲಿ ಕುತ್ತಿಗೆ ಎನ್ನುತ್ತಾರೆ. ನೂರಕ್ಕೆ ತೊಂಬತ್ತು ಕೋವಿಗಳು ಮುರಿಯುವುದು ಈ ಕುತ್ತಿಗೆಯಲ್ಲೇ ಎಂದರೆ ಅತಿಶಯವಲ್ಲ. ನಳಿಗೆಯ ಕೆಳಗೆ ಎಡಗೈ ಹಿಡಿಯುವುದು ಮುಂದಿನ ಮರ.

ಒಂದು ಸಂಗತಿಯನ್ನು ಮೊದಲೇ ಗಮನಿಸಿಕೊಳ್ಳಿ. ಮೌಸರ್ ಮಾದರಿಯ ರೈಫಲುಗಳಿಗೂ ಬ್ರ್ನೋದಂಥ .22ಗಳಿಗೂ ಹಿಂದಿನಿಂದ ಮುಂದಿನವರೆಗೆ ಒಂದೇ ಮರ. ಲೀ-ಎನ್‌ಫೀಲ್ಡ್ ಮಾದರಿಗೂ ಜೋಡು ನಳಿಗೆ ಕೋವಿಗೂ ಹಿಂದಿನದು ಬೇರೆ, ಮುಂದಿನದು ಬೇರೆ. ಎರಡು ತುಂಡಿನ ಕೋವಿ ನಿಮ್ಮದಾದರೆ ಒಡೆದ ತುಂಡನ್ನಷ್ಟೇ ಬದಲಿಸಿದರೆ ಸಾಕು. ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ಬಿರುಕು ಬಿಟ್ಟ ಮಾತ್ರಕ್ಕೆ ಹೊಸ ಮರ ಹಾಕಿಸಲೇಬೇಕೆ?

ಬೇಡ. ಹೊಸ ಸ್ಟಾಕ್ ಬೇಕೆಂದು ಬಂದ ಅರ್ಧದಷ್ಟು ಜನರನ್ನು ನಾನು ರಿಪೇರಿಗೇ ಕಳಿಸಿದ್ದೇನೆ.

ಮೊದಲು ಕೋವಿ ಖಾಲಿ ಇದೆಯೇ ನೋಡಿ. ಕಣ್ಣಿನಿಂದ ನೋಡಿದ ಮೇಲೆ ಬೆರಳನ್ನೂ ಆಡಿಸಿ ನೋಡಿ. ಆಮೇಲೆ ಬಿರುಕಿನ ಎರಡು ಬದಿಯನ್ನು ಹಿಡಿದು ಮೆಲ್ಲಗೆ ತಿರುಚಿ. ಬಿರುಕು ಬಾಯಿ ತೆರೆದು ಮುಚ್ಚಿಕೊಂಡರೆ, ಒಳಗಿನ ಮರದ ಬಣ್ಣ ಹೊಸದಾಗಿ ಕಂಡರೆ ಅದು ಒಳ್ಳೆಯ ಸುದ್ದಿ. ಶುದ್ಧವಾದ ಬಿರುಕಿಗೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ನುರಿತವರು ಅದಕ್ಕೆ ಅಡ್ಡಲಾಗಿ ತೆಳುವಾದ ಹಿತ್ತಾಳೆಯ ಕಡ್ಡಿ ತೂರಿಸಿ ಬಿಗಿ ಮಾಡುತ್ತಾರೆ. ಅಪ್ಪನ ರೈಫಲಿನ ಕುತ್ತಿಗೆ ಜೀಪಿನ ಹಿಂದಿನ ಬಾಗಿಲಿಗೆ ಸಿಕ್ಕಿ ಸೀಳಿದಾಗ ನಾನು ಆತುರಪಟ್ಟು ಬಡಗಿಯವರ ಬಿಳಿ ಅಂಟು ಹಚ್ಚಿ, ಮೇಲಿನಿಂದ ಎರಡು ಸ್ಕ್ರೂ ಹೊಡೆದೆ. ಒಂದು ಮಳೆಗಾಲ ನಿಂತಿತು. ಎರಡನೆಯ ವರ್ಷ ಸ್ಕ್ರೂ ಹೊಡೆದ ಜಾಗದಿಂದಲೇ ಹೊಸ ಬಿರುಕು ಹೊರಟಿತು. ಮೊದಲ ಸಲವೇ ಸರಿಯಾದ ಅಂಟು ಹಾಕಿದ್ದರೆ ಅಪ್ಪ ಹಿಡಿದ ಮರ ಇಂದಿಗೂ ಆ ರೈಫಲಿನಲ್ಲೇ ಇರುತ್ತಿತ್ತು.

ಬಿರುಕಿನ ಒಳಗೆ ಕಪ್ಪಗೆ ಎಣ್ಣೆ ಹೀರಿಕೊಂಡಿದ್ದರೆ ಮಾತು ಬೇರೆ. ಕೋವಿಯನ್ನು ಹಲವು ದಶಕ ನಳಿಗೆ ಮೇಲಾಗಿ ನಿಲ್ಲಿಸಿಟ್ಟ ಮನೆಗಳಲ್ಲಿ ನಳಿಗೆಗೆ ಹಚ್ಚಿದ ಎಣ್ಣೆ ಇಳಿದಿಳಿದು, ಮರವು ಲೋಹವನ್ನು ಸೇರುವಲ್ಲಿ ಶೇಖರವಾಗುತ್ತದೆ. ಅಲ್ಲಿನ ಮರ ಉಗುರಿಗೂ ತಗ್ಗುವಷ್ಟು ಮೆತ್ತಗಾಗಿರುತ್ತದೆ. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದಿಲ್ಲ. ಸೀಮೆಸುಣ್ಣದ ಪುಡಿಯನ್ನು ತಿನ್ನರಿನಲ್ಲಿ ಕಲಸಿ ಬಳಿದು, ಅದು ಒಣಗುವಾಗ ಎಣ್ಣೆಯನ್ನು ಹೀರಿಸುವ ಕ್ರಮವಿದೆ. ಐದಾರು ಸಲ ಮಾಡಿದ ಮೇಲೂ ಮರ ಮೆತ್ತಗೇ ಇದ್ದರೆ ಬದಲಿಸಿ.

ಬರೀ ತಗ್ಗು ಬಿದ್ದಿದ್ದರೆ ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿ ಪೆಟ್ಟಿಗೆಯ ತುದಿಯನ್ನು ತಾಗಿಸಿ. ಹಬೆಗೆ ಎಳೆ ಉಬ್ಬಿ ಮೇಲೆ ಬರುತ್ತದೆ. ಇದಕ್ಕೆ ಒಂದು ಪೈಸೆಯೂ ಬೇಡ.

ಕುಟ್ಟೆ ಹುಳ ಹೊಕ್ಕಿದ್ದರೆ ಕೋವಿ ಇಟ್ಟ ಜಾಗದಲ್ಲಿ ರಾಗಿ ಹಿಟ್ಟಿಗಿಂತ ನುಣುಪಾದ ಪುಡಿ ಬಿದ್ದಿರುತ್ತದೆ. ಒಂದೆರಡು ತೂತಾದರೆ ಔಷಧಿ ಬಿಡಬಹುದು. ಕುತ್ತಿಗೆಯಲ್ಲಿ ತೂತುಗಳಿದ್ದರೆ ಆ ಕೋವಿಯಿಂದ ಗುಂಡು ಹಾರಿಸಬೇಡಿ.

ನನ್ನದು .315 ರೈಫಲ್. ಅದಕ್ಕೆ ಸಿದ್ಧ ಸ್ಟಾಕ್ ಸಿಗುತ್ತದೆಯೆ?

ಇಛಾಪುರದ ರೈಫಲ್ ಕಾರ್ಖಾನೆಯ .315 ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಬ್ರಿಟಿಷರ ಕಾಲದಲ್ಲಿ ಸೈನ್ಯದ .303 ತೋಟಾವನ್ನು ನಾಗರಿಕರಿಗೆ ಕೊಡದಿದ್ದ ಕಾರಣ ಬಳಕೆಗೆ ಬಂದ ಅಳತೆ ಇದು. ತೋಟಾ ಬೇರೆಯಾದರೂ ಆ್ಯಕ್ಷನ್, ಅಂದರೆ ತೋಟಾ ತುಂಬಿ ಹಾರಿಸುವ ಲೋಹದ ಯಂತ್ರಭಾಗ, ಲೀ-ಎನ್‌ಫೀಲ್ಡ್ ವಂಶದ್ದೇ. ಹಾಗಾಗಿ ಮರ ಎರಡು ತುಂಡು, ಹಿಂದಿನ ಮರವನ್ನು ಉದ್ದದ ಒಂದೇ ಬೋಲ್ಟ್ ಒಳಗಿನಿಂದ ಎಳೆದು ಹಿಡಿದಿರುತ್ತದೆ.

ವಿದೇಶದ ಕಂಪನಿಗಳು ಹೆಚ್ಚು ಸ್ಟಾಕ್ ಮಾಡುವುದು ರೆಮಿಂಗ್ಟನ್ 700, ಮೌಸರ್ 98, ರೂಗರ್ 10/22 ಇಂಥವುಗಳಿಗೆ. ಲೀ-ಎನ್‌ಫೀಲ್ಡಿಗೂ ಒಂದಿಷ್ಟು ಮಾಡುತ್ತಾರೆ. ಆದರೆ ಅದರಲ್ಲೇ ನಂ. 1 ಎಂಬ ಮಾದರಿಯ ಮರ ನಂ. 4 ಎಂಬ ಮಾದರಿಗೆ ಕೂರುವುದಿಲ್ಲ. ಇವುಗಳಲ್ಲಿ ಯಾವುದಾದರೂ .315ಕ್ಕೆ ನೇರವಾಗಿ ಕೂರುತ್ತದೆ ಎಂದು ಚಿತ್ರ ನೋಡಿ ನಂಬಬೇಡಿ. ನಿಮ್ಮ ಕೋವಿಗೆ ಅಗ್ಗದ ದಾರಿಯೆಂದರೆ ಪರವಾನಗಿ ಇರುವ ಅಂಗಡಿಗಳಲ್ಲಿ ಬಿದ್ದಿರುವ ಹಳೆಯ ಮರ. ಮಡಿಕೇರಿಯಲ್ಲಾಗಲಿ ಮೈಸೂರಿನಲ್ಲಾಗಲಿ ಕೇಳಿ ನೋಡಿ. ನಳಿಗೆ ಸವೆದು ಮೂಲೆ ಸೇರಿದ ಕೋವಿಗಳ ಬಟ್ಟುಗಳು ಅಟ್ಟದ ಮೇಲೆ ಇರುತ್ತವೆ, ಎಷ್ಟೋ ವರ್ಷ ಒಣಗಿದ ಅಕ್ರೋಟು ಮರ! ಹೊಸದಕ್ಕಿಂತ ಅದು ಎಷ್ಟೋ ಮೇಲು.

ಸೈನ್ಯದ ಲೀ-ಎನ್‌ಫೀಲ್ಡ್ ಬಟ್ಟುಗಳು ಉದ್ದ, ಸಾಧಾರಣ, ಗಿಡ್ಡ ಎಂಬ ಅಳತೆಗಳಲ್ಲಿ ಬರುತ್ತಿದ್ದವು. ಒಂದಕ್ಕೂ ಇನ್ನೊಂದಕ್ಕೂ ಅರ್ಧ ಇಂಚಿನ ವ್ಯತ್ಯಾಸ. ಅಂಥದ್ದು ಕೈಗೆ ಸಿಕ್ಕರೆ ಮರದ ಮೇಲೆ ಒತ್ತಿರುವ ಎಲ್, ಎನ್ ಅಥವಾ ಎಸ್ ಅಕ್ಷರ ಹುಡುಕಿ.

ಈ ವಂಶದ ಕೋವಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಹಳೆಯ ನಂ. 1 ರೈಫಲುಗಳಲ್ಲಿ ಹಿಂದಿನ ಮರದ ಬೋಲ್ಟಿನ ತುದಿ ಚೌಕಾಕಾರವಾಗಿದ್ದು, ಮುಂದಿನ ಮರದೊಳಗಿನ ಒಂದು ಪುಟ್ಟ ತಗಡಿಗೆ ಸಿಕ್ಕಿಕೊಂಡಿರುತ್ತದೆ. ಮುಂದಿನ ಮರ ಬಿಚ್ಚದೆ ಆ ಬೋಲ್ಟನ್ನು ತಿರುಗಿಸಿದರೆ ಚೌಕದ ಮೂಲೆ ಮುಂದಿನ ಮರವನ್ನು ಒಳಗಿನಿಂದಲೇ ಸೀಳುತ್ತದೆ. ಹಿಂದಿನ ಮರ ಬದಲಿಸಲು ಹೋಗಿ ಮುಂದಿನದನ್ನೂ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. .315ಕ್ಕೂ ಇದೇ ಕ್ರಮ ಪಾಲಿಸಿ: ಮೊದಲು ಮುಂದಿನದು ಬಿಚ್ಚಿ, ಆಮೇಲೆ ಹಿಂದಿನದು.

ಅಮೆರಿಕದಿಂದ ಆನ್‌ಲೈನಿನಲ್ಲಿ ತರಿಸಿದರೆ ಅಗ್ಗವಲ್ಲವೆ?

ಬೆಲೆ ನೋಡಿದಾಗ ಹಾಗನ್ನಿಸುತ್ತದೆ. ದಕ್ಷಿಣ ಡಕೋಟಾದ ಬಾಯ್ಡ್ಸ್ ಕಂಪನಿಯ ಪದರ ಮರದ ಸ್ಟಾಕುಗಳು ನಿಜಕ್ಕೂ ಚೆಂದ, ಅಲ್ಲಿಯವರ ಪಾಲಿಗೆ ಬೆಲೆಯೂ ಹಗುರ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧ ಎಂಬುದರ ವ್ಯಾಖ್ಯೆಯೊಳಗೆ ಆಯುಧದ ಬಿಡಿಭಾಗಗಳೂ ಸೇರಿವೆ. ಆಮದಿಗೆ ಪರವಾನಗಿ ಬೇಕು. ಕೋವಿಗೆ ಪರವಾನಗಿ ಬೇಡವೆಂದು ಕೊಡಗಿನಲ್ಲಿ ನಮಗಿರುವ ವಿನಾಯಿತಿ ಇಟ್ಟುಕೊಳ್ಳುವುದಕ್ಕೂ ಒಯ್ಯುವುದಕ್ಕೂ ಸಂಬಂಧಿಸಿದ್ದು, ಅದನ್ನು ಆಮದಿಗೆ ಎಳೆದು ತರಬೇಡಿ. ಅಂಗಿ ತರಿಸಿದಂತೆ ಸ್ಟಾಕ್ ತರಿಸಿದರೆ ಪೊಟ್ಟಣ ಕಸ್ಟಮ್ಸಿನಲ್ಲಿ ನಿಲ್ಲುತ್ತದೆ, ಹಣವೂ ನಿಲ್ಲುತ್ತದೆ. ಅದರ ಮೇಲೆ ವಿವರಣೆ ಕೇಳಿ ಪತ್ರ ಬರುತ್ತದೆ. ಬೇಕೇ ಬೇಕೆಂದರೆ ಆಮದು ಪರವಾನಗಿ ಇರುವ ವ್ಯಾಪಾರಿಯ ಮೂಲಕ ಹೋಗಿ. ಸುಂಕ, ಸಾಗಣೆ, ಅವರ ಲಾಭ ಎಲ್ಲ ಸೇರಿದ ಮೇಲೆ ಅದು ಅಗ್ಗವಾಗಿ ಉಳಿಯುವುದಿಲ್ಲ.

ಹೊಸದಾಗಿ ಮಾಡಿಸುವುದಾದರೆ ಯಾವ ಮರ ಒಳ್ಳೆಯದು?

ಅಕ್ರೋಟು. ಇದರಲ್ಲಿ ನನಗೆ ಎರಡು ಮಾತಿಲ್ಲ. ಜಗತ್ತಿನ ಕೋವಿಗಾರರು ಶತಮಾನಗಳಿಂದ ಅದನ್ನೇ ಹುಡುಕಿಕೊಂಡು ಹೋದದ್ದು ಸುಮ್ಮನೆ ಅಲ್ಲ. ಅದು ತೂಕದಲ್ಲಿ ಮಧ್ಯಮ, ಒಣಗಿದ ಮೇಲೆ ಅಷ್ಟಾಗಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಗುಂಡಿನ ಒದೆತವನ್ನು ಸೀಳದೆ ತಡೆಯುತ್ತದೆ, ಉಳಿಗೆ ಬೆಣ್ಣೆಯಂತೆ ಬಿಡುತ್ತದೆ. ಕಾಶ್ಮೀರದ ಅಕ್ರೋಟು ನಮ್ಮ ದೇಶದ ಕೋವಿಗಳಿಗೆ ಬಹಳ ಬಳಕೆಯಾಗಿದೆ. ಗೆರೆಗೆರೆಯಾಗಿ ಚಿತ್ತಾರವಿರುವ ತುಂಡಿಗೆ ಬೆಲೆ ಹೆಚ್ಚು. ನಿಮಗೆ ಬೇಕಾದದ್ದು ಚಿತ್ತಾರವಿಲ್ಲದ, ನೇರ ಎಳೆಯ ಸಾದಾ ತುಂಡು. ಬೆಲೆಯೂ ಕಡಿಮೆ, ಬಲವೂ ಹೆಚ್ಚು.

ನಮ್ಮ ತೋಟದ ಮರಗಳಿಂದ ಮಾಡಿಸಬಾರದೇ ಎಂದು ಕೇಳುತ್ತಾರೆ. ಒಂದೊಂದಾಗಿ ಹೇಳುತ್ತೇನೆ.

ಹಲಸು ನನ್ನ ಎರಡನೆಯ ಆಯ್ಕೆ. ಬಲಿತ ಹಲಸಿನ ಚೇಗು ಮೊದಲು ಹಳದಿಯಾಗಿ ಕಂಡರೂ ವರ್ಷಗಳು ಕಳೆದಂತೆ ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ಚೆನ್ನಾಗಿ ಒಣಗಿದರೆ ಸೊಟ್ಟಗಾಗುವುದು ಕಡಿಮೆ. ದೊಡ್ಡಪ್ಪನ ಕೋವಿಯ ಮುಂದಿನ ಮರ ಹಲಸಿನದೇ. ಹಳೆಯ ಕೊಟ್ಟಿಗೆ ಬಿಚ್ಚಿದಾಗ ಸಿಕ್ಕ ತೊಲೆಯಿಂದ ಮಾಡಿಸಿದ್ದು.

ತೇಗದ ಮೇಲೆ ಎಲ್ಲರಿಗೂ ಮೋಹ. ಬಾಗಿಲಿಗೆ, ಮಂಚಕ್ಕೆ ಅದು ರಾಜ, ಕೋವಿಯ ಕುತ್ತಿಗೆಗೆ ಅಲ್ಲ. ಎಳೆಯುದ್ದಕ್ಕೂ ಸುಲಭವಾಗಿ ಸೀಳುತ್ತದೆ. ಮರದಲ್ಲೇ ಎಣ್ಣೆಯಿರುವುದರಿಂದ ಮುಂದೆ ಬಿರುಕು ಬಿಟ್ಟರೆ ಅಂಟು ಹಿಡಿಯುವುದೂ ಕಷ್ಟ. ಬೀಟೆ ಅತಿ ಚೆಂದ, ಅತಿ ಭಾರ. ಅಕ್ರೋಟು ಘನ ಮೀಟರಿಗೆ ಸುಮಾರು 640 ಕಿಲೋ ತೂಗಿದರೆ ಬೀಟೆ 800 ದಾಟುತ್ತದೆ. ಏಲಕ್ಕಿ ಮಲೆಯಲ್ಲಿ ಹೊತ್ತು ನಡೆಯುವವರಿಗೆ ಆ ವ್ಯತ್ಯಾಸ ಹೆಗಲಿಗೆ ಗೊತ್ತಾಗುತ್ತದೆ. ಹೊನ್ನೆ ಒದ್ದೆಯಾದರೆ ಬಣ್ಣ ಬಿಡುತ್ತದೆ. ಹೊನ್ನೆ ಲೋಟದಲ್ಲಿಟ್ಟ ನೀರು ಕೆಂಪಾಗುವುದನ್ನು ನೀವು ನೋಡಿರಬಹುದು. ಮಳೆಯಲ್ಲಿ ಹಿಡಿದ ಕೋವಿಯಿಂದ ಕುಪ್ಪಸಕ್ಕೂ ಅದೇ ಕಲೆ. ಮಾವಿಗೆ ಹುಳದ ಕಾಟ. ಸಿಲ್ವರ್ ಓಕ್ ಹೇರಳವಾಗಿದೆ, ಹಗುರ, ಸೀಳಿದ ಮೈಯಲ್ಲಿ ಮಿನುಗುವ ಚುಕ್ಕೆಗಳೂ ಚೆಂದ. ಒದೆತವೇ ಇಲ್ಲದ .22ಕ್ಕೆ ನಡೆಯುತ್ತದೆ. 12 ಬೋರಿಗೆ, .30-06ಕ್ಕೆ ಬೇಡ.

ಜಾತಿಗಿಂತಲೂ ಮುಖ್ಯವಾದದ್ದು ಎಳೆಯ ದಿಕ್ಕು. ಹಲಗೆಯ ಮೇಲೆ ಕೋವಿಯ ಆಕಾರ ಗೆರೆ ಎಳೆದಾಗ ಕುತ್ತಿಗೆಯ ಭಾಗದಲ್ಲಿ ಎಳೆಗಳು ಕುತ್ತಿಗೆಯ ಜೊತೆಗೇ ಸಾಗಬೇಕು, ಅದನ್ನು ಅಡ್ಡ ಹಾಯಬಾರದು. ಎಳೆ ಓರೆಯಾಗಿ ಹೊರಗೆ ಹೋಗುವ ತುಂಡು ಎಷ್ಟೇ ಒಳ್ಳೆಯ ಜಾತಿಯದಾದರೂ ಒಂದು ದಿನ ಜಾರಿ ಬಿದ್ದಾಗ ಕಬ್ಬು ಮುರಿದಂತೆ ಮುರಿಯುತ್ತದೆ. ಮಿಸ್ತ್ರಿ ಗೆರೆ ಎಳೆಯುವ ದಿನ ನೀವು ಅಲ್ಲಿರಿ. ಹಲಗೆಯನ್ನು ಸ್ವಲ್ಪ ತಿರುಗಿಸಿ ಗೆರೆ ಎಳೆದರೆ ಮರ ತುಸು ಪೋಲಾಗಬಹುದು, ಆಗಲಿ.

ತೋಟದಲ್ಲಿ ಬೀಟೆ ಮರ ತಾನಾಗಿಯೇ ಬಿದ್ದಿದೆ. ಅದರಿಂದ ಒಂದು ತುಂಡು ತೆಗೆಯಬಹುದೆ?

ಅರಣ್ಯ ಇಲಾಖೆಯನ್ನು ಕೇಳದೆ ಬೇಡ. ಬೀಟೆಯ ಮೇಲಿನ ಹಕ್ಕು ನಿಮ್ಮ ಜಮೀನು ಯಾವ ಬಾಣೆ (ಗದ್ದೆಗೆ ಸೇರಿದಂತೆ ಕೊಟ್ಟ ಕಾಡು ಜಮೀನು), ಮರದ ಬೆಲೆ ಸರಕಾರಕ್ಕೆ ಪಾವತಿಯಾಗಿದೆಯೇ ಇಲ್ಲವೇ ಎಂಬುದರ ಮೇಲೆ ನಿಂತಿದೆ. ಒಂದು ಮೊಳದ ತುಂಡಿಗಾಗಿ ಪ್ರಕರಣ ಮೈಮೇಲೆ ಹಾಕಿಕೊಳ್ಳುವುದು ಸಲ್ಲ.

ಮರ ಒಣಗಿದೆ ಎಂದು ತಿಳಿಯುವುದು ಹೇಗೆ?

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಭಾಗಮಂಡಲದ ಕಡೆಗೆ ಇನ್ನೂ ಹೆಚ್ಚು. ಅಂಥ ಊರಿನಲ್ಲಿ ಹಸಿ ಮರದ ಕೋವಿ ನಿಲ್ಲುವುದಿಲ್ಲ. ಗಾಳಿಗೆ ಒಣಗಿಸುವ ಮರಕ್ಕೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳಬರ ಲೆಕ್ಕ. ಕೋವಿಯ ಹಲಗೆ ಎರಡರಿಂದ ಎರಡೂವರೆ ಇಂಚು ದಪ್ಪ ಇರುತ್ತದೆಯಾದ್ದರಿಂದ ಮೂರು ವರ್ಷ ಕಾಯಬೇಕು. ತುದಿಗಳಿಗೆ ಮೇಣವನ್ನೋ ಹಳೆಯ ಪೇಂಟನ್ನೋ ಹಚ್ಚಿ. ಇಲ್ಲವಾದರೆ ತುದಿ ಬೇಗ ಒಣಗಿ ಸೀಳು ಬಿಡುತ್ತದೆ. ಅಡುಗೆಮನೆಯ ಒಲೆಯ ಮೇಲಿನ ಅಟ್ಟಕ್ಕಿಂತ ಒಳ್ಳೆಯ ಜಾಗವಿಲ್ಲ, ಆದರೆ ಮೊದಲ ವರ್ಷ ನೆರಳಿನ ಗಾಳಿಯಲ್ಲಿಟ್ಟು ಆಮೇಲೆ ಅಲ್ಲಿಗೆ ಏರಿಸಿ.

ಹಣ ಖರ್ಚಾಗದ ಪರೀಕ್ಷೆ ಒಂದಿದೆ. ತಿಂಗಳಿಗೊಮ್ಮೆ ಹಲಗೆಯನ್ನು ತಕ್ಕಡಿಯಲ್ಲಿಟ್ಟು ತೂಕವನ್ನು ಹಲಗೆಯ ಮೇಲೆಯೇ ಪೆನ್ಸಿಲಿನಿಂದ ಬರೆಯಿರಿ. ನಮ್ಮ ಮನೆಯ ಒಂದು ಹಲಗೆಯ ಮೈ ತುಂಬ ಈ ಅಂಕಿಗಳ ಸಾಲೇ ಇದೆ. ಬೇಸಿಗೆಯಲ್ಲಿ ಇಳಿದು, ಕಕ್ಕಡದಲ್ಲಿ ತುಸು ಏರಿ, ಮತ್ತೆ ಇಳಿಯುತ್ತದೆ. ಎರಡು ಬೇಸಿಗೆಯ ಅಂಕಿ ಒಂದೇ ಆದರೆ ಮರ ಹದಕ್ಕೆ ಬಂದಿದೆ. ಕಾಫಿ ಬೀಜದ ತೇವ ನೋಡುವ ಯಂತ್ರವನ್ನು ಇದಕ್ಕೆ ಬಳಸಬೇಡಿ, ಅದು ಮರಕ್ಕೆ ತಪ್ಪು ಲೆಕ್ಕ ತೋರಿಸುತ್ತದೆ.

ನೆರೆಯ ಒಬ್ಬರು ಅವಸರದಲ್ಲಿ ಹಸಿ ಮರದ ಸ್ಟಾಕ್ ಕೊಂಡರು. ಏಪ್ರಿಲಿನಲ್ಲಿ ಕೂರಿಸಿದಾಗ ಕೂದಲೆಳೆ ಸಂದಿಯೂ ಇರಲಿಲ್ಲ. ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಮುಂದಿನ ಮರ ಬಾಗಿ ನಳಿಗೆಯನ್ನು ಬಲಕ್ಕೆ ಒತ್ತುತ್ತಿತ್ತು, ಇನ್ನೊಂದು ಬದಿಯಲ್ಲಿ ಬೆರಳ ತುದಿ ತೂರುವಷ್ಟು ಸಂದಿ. ಮಾರಿದವರು ಮರಳಿ ತೆಗೆದುಕೊಳ್ಳಲಿಲ್ಲ.

ಪ್ಲಾಸ್ಟಿಕ್ ಸ್ಟಾಕ್ ನಮ್ಮ ಮಳೆಗೆ ಸರಿಯಲ್ಲವೆ?

ಮಳೆಯ ಮಟ್ಟಿಗೆ ಸರಿ. ಅದು ಹಿಗ್ಗುವುದಿಲ್ಲ, ಹುಳ ತಿನ್ನುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ಫೈಬರ್‌ಗ್ಲಾಸಿನ ಒಳ್ಳೆಯ ಸ್ಟಾಕ್ ಮರಕ್ಕಿಂತ ಗಟ್ಟಿ, ಬೆಲೆಯೂ ಮರಕ್ಕಿಂತ ಹೆಚ್ಚು. ಅಗ್ಗಕ್ಕೆ ಸಿಗುವುದು ಅಚ್ಚಿನಲ್ಲಿ ಎರಕ ಹೊಯ್ದ ಟೊಳ್ಳು ಪ್ಲಾಸ್ಟಿಕ್. ಅದರ ಮುಂದಿನ ಭಾಗವನ್ನು ನಳಿಗೆಯ ಜೊತೆ ಸೇರಿಸಿ ಮುಷ್ಟಿಯಲ್ಲಿ ಹಿಂಡಿ ನೋಡಿ. ಬಾಗಿ ನಳಿಗೆಗೆ ತಾಗಿದರೆ ಗುರಿ ಪ್ರತಿ ಸಲ ಬೇರೆ ಕಡೆ ಹೋಗುತ್ತದೆ. ನಡುವಿನ ದಾರಿ ಪದರ ಮರ. ತೆಳುವಾದ ಹಾಳೆಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು. ಸೊಟ್ಟಗಾಗುವುದಿಲ್ಲ, ಆದರೆ ಭಾರ.

ಅಳತೆ ಹೇಗೆ ನೋಡುವುದು?

ಕಾಸು ಉಳಿಸುವ ಭರದಲ್ಲಿ ಜನ ಮರೆಯುವುದು ಇದನ್ನೇ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಇದೇ. ಚೆಂದದ ಮರ ಕೆನ್ನೆಗೆ ಹೊಂದದಿದ್ದರೆ ಅದು ಗೋಡೆಗೆ ಮಾತ್ರ.

ಟ್ರಿಗರಿನಿಂದ ಬಟ್ಟಿನ ನಡುಮಧ್ಯದವರೆಗಿನ ಉದ್ದವೇ ಮೊದಲ ಅಳತೆ. ಕಾರ್ಖಾನೆಯ ಕೋವಿಗಳಲ್ಲಿ ಸಾಮಾನ್ಯವಾಗಿ ಹದಿಮೂರೂವರೆಯಿಂದ ಹದಿನಾಲ್ಕು ಇಂಚು ಇರುತ್ತದೆ. ಖಾಲಿ ಕೋವಿಯನ್ನು ಹೆಗಲಿಗೆ ಏರಿಸಿ ಕೆನ್ನೆ ಒರಗಿಸಿದಾಗ ಹಿಡಿದ ಕೈಯ ಹೆಬ್ಬೆರಳಿಗೂ ಮೂಗಿಗೂ ನಡುವೆ ಎರಡು ಮೂರು ಬೆರಳ ಅಂತರ ಇರಬೇಕು. ಕಡಿಮೆಯಾದರೆ ಒದೆತಕ್ಕೆ ಮೂಗಿಗೆ ಪೆಟ್ಟು. ಹೆಚ್ಚಾದರೆ ಬಟ್ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ.

ಎರಡನೆಯದು ಕೆನ್ನೆ ಒರಗುವ ಮೇಲಂಚಿನ ಎತ್ತರ. ಕಣ್ಣು ಮುಚ್ಚಿ ಕೋವಿ ಏರಿಸಿ, ಆಮೇಲೆ ಕಣ್ಣು ತೆರೆಯಿರಿ. ಕಣ್ಣು ನೇರವಾಗಿ ಗುರಿಕಟ್ಟಿನ ಸಾಲಿಗೆ ಬಂದಿದ್ದರೆ ಸರಿಯಾಗಿದೆ. ದೂರದರ್ಶಕ ಹಾಕಿದ ರೈಫಲಿಗೆ ಈ ಅಂಚು ಎತ್ತರ ಬೇಕು, ಬರಿಗಣ್ಣಿನ ಗುರಿಕಟ್ಟಿಗೆ ತಗ್ಗು. ಹಳೆಯ ಮರದ ಮೇಲೆ ದೂರದರ್ಶಕ ಕೂರಿಸಿದವರು ಗಲ್ಲವನ್ನು ಗಾಳಿಯಲ್ಲಿ ತೇಲಿಸಿ ಗುರಿ ಹಿಡಿಯುವುದನ್ನು ನೋಡಿದ್ದೇನೆ. ಅವರಿಗೆ ಹೊಸ ಸ್ಟಾಕ್ ಬೇಕಿಲ್ಲ. ಚರ್ಮದ ಒಂದು ಮೆತ್ತೆಯನ್ನು ದಾರದಿಂದ ಬಿಗಿದರೆ ಸಾಕು.

ಕೈಲ್‌ಪೊಳ್ದಿನ ತೆಂಗಿನಕಾಯಿ ಸ್ಪರ್ಧೆಯಲ್ಲಿ ಈಗ ಹೆಣ್ಣುಮಕ್ಕಳು ಸಾಲುಸಾಲಾಗಿ ನಿಲ್ಲುತ್ತಾರೆ. ಅಪ್ಪನ ಅಳತೆಯ ಕೋವಿ ಕೊಟ್ಟು ಗುರಿ ತಪ್ಪಿತು ಎಂದರೆ ತಪ್ಪು ಯಾರದು? ಅವರಿಗಾಗಿ ಮೂಲ ಮರವನ್ನು ಕತ್ತರಿಸಬೇಡಿ. ಎರಡನೆಯ ಕೈಯ ಸಾದಾ ಬಟ್ ಒಂದನ್ನು ಕೊಂಡು ಅದನ್ನು ಗಿಡ್ಡ ಮಾಡಿಸಿ, ಹಿಂದೆ ರಬ್ಬರ್ ಪ್ಯಾಡ್ ಹಾಕಿಸಿ. ಹುಡುಗಿ ಬೆಳೆದ ಮೇಲೆ ದಪ್ಪದ ಪ್ಯಾಡ್ ಹಾಕಿ ಉದ್ದ ಮಾಡಿಕೊಳ್ಳಬಹುದು. ಎಡಗೈಯವರಿದ್ದರೆ ಬಲಗೈಯವರಿಗಾಗಿ ಕೆನ್ನೆಯ ಉಬ್ಬು ಕೊಟ್ಟ ಮರ ಕೊಳ್ಳಲೇಬೇಡಿ.

ಊರಿನ ಬಡಗಿಯಿಂದಲೇ ಮಾಡಿಸಬಹುದೆ? ಮುಕ್ಕಾಲು ಪಾಲು ಹಣ ಉಳಿಯುತ್ತದೆ.

ಕೋವಿ ರಿಪೇರಿಯನ್ನು ಕಸುಬಾಗಿ ಮಾಡುವುದಕ್ಕೆ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಂ ಪ್ರಕಾರ ಪರವಾನಗಿ ಬೇಕು. ನಿಮ್ಮ ಕೋವಿಯನ್ನು ಪರವಾನಗಿ ಇಲ್ಲದವರ ಅಂಗಡಿಯಲ್ಲಿ ವಾರಗಟ್ಟಲೆ ಬಿಟ್ಟರೆ ನಿಮಗೂ ತೊಂದರೆ, ಆ ಬಡಪಾಯಿಗೂ ತೊಂದರೆ. ಹಾಗಾಗಿ ಪರವಾನಗಿ ಇರುವ ಮಿಸ್ತ್ರಿಯ ಬಳಿಗೇ ಹೋಗಿ, ರಸೀದಿ ಪಡೆಯಿರಿ, ತೋಟಾ ಒಂದೂ ಜೊತೆಗೆ ಕೊಡಬೇಡಿ.

ಕಸುಬಿನ ದೃಷ್ಟಿಯಿಂದಲೂ ಹೇಳುತ್ತೇನೆ. ಮರಕ್ಕೆ ಲೋಹವನ್ನು ಕೂರಿಸುವುದು ಬೇರೆಯೇ ವಿದ್ಯೆ. ನಾನು ಕಂಡ ಹಿರಿಯ ಮಿಸ್ತ್ರಿಯೊಬ್ಬರು ಸೀಮೆಎಣ್ಣೆ ಬುಡ್ಡಿಯ ಹೊಗೆಯಲ್ಲಿ ಆ್ಯಕ್ಷನ್ನಿನ ತಳವನ್ನು ಕಪ್ಪು ಮಾಡಿ, ಮರದೊಳಗೆ ಒತ್ತಿ ತೆಗೆಯುತ್ತಿದ್ದರು. ಕಾಡಿಗೆ ಅಂಟಿದ ಕಡೆ ಮಾತ್ರ ಉಳಿಯಿಂದ ಅಕ್ಕಿಕಾಳಿನಷ್ಟು ಸಿಪ್ಪೆ ತೆಗೆದು ಮತ್ತೆ ಒತ್ತುತ್ತಿದ್ದರು. ಅದನ್ನು ನೂರು ಸಲ ಮಾಡಿರಬಹುದು. ಕೊನೆಗೆ ಮರದ ಮೈಯೆಲ್ಲ ಒಂದೇ ಸಮನೆ ಕಪ್ಪಾಯಿತು. ಅಂದರೆ ಲೋಹ ಎಲ್ಲ ಕಡೆಯೂ ಕೂತಿತು. ಆದರೆ ಆ್ಯಕ್ಷನ್ನಿನ ಹಿಂಬದಿಗೆ ಚಾಚಿದ ಲೋಹದ ಬಾಲದ ಹಿಂದೆ ಮಾತ್ರ ಕಾಗದದ ದಪ್ಪ ಸಂದಿ ಬಿಟ್ಟರು. ಒದೆತ ಬಂದಾಗ ಆ ಮೊನೆ ಮರಕ್ಕೆ ಬೆಣೆಯಂತೆ ಹೊಡೆಯಬಾರದು. ಆ ಸಂದಿ ಬಿಡದ ಕೋವಿಗಳೇ ಬಾಲದ ಹಿಂದೆ ಸೀಳುವುದು. ಕೊಡುವ ಕೂಲಿ ಈ ತಿಳಿವಳಿಕೆಗೆ.

ಉಳಿಸಬೇಕಾದದ್ದು ಬೇರೆ ಕಡೆ. ಖರ್ಚನ್ನು ಮರ, ಕೂರಿಸುವ ಕೂಲಿ, ಹಿಡಿಯ ಕೆತ್ತನೆ, ಪಾಲಿಶ್ ಎಂದು ಬಿಡಿಬಿಡಿಯಾಗಿ ಕೇಳಿ. ಕೂಲಿಯೇ ದೊಡ್ಡ ಪಾಲು. ಕೆತ್ತನೆ ಬಿಟ್ಟುಬಿಡಿ, ಬೇಕಿದ್ದರೆ ಮುಂದೆ ಮಾಡಿಸಬಹುದು. ಪಾಲಿಶ್ ಮನೆಯಲ್ಲೇ ಮಾಡಿಕೊಳ್ಳಿ. ಹಳೆಯ ಬಟ್ ಪ್ಲೇಟ್, ಸ್ಕ್ರೂ, ಪಟ್ಟಿಯ ಕೊಂಡಿ ಎಲ್ಲವನ್ನೂ ಹೊಸ ಮರಕ್ಕೆ ಹಾಕಿಸಿ. ಕೈಲ್‌ಪೊಳ್ದಿನ ಹಿಂದಿನ ತಿಂಗಳು ಹೋಗಬೇಡಿ, ಜನವರಿಯಲ್ಲಿ ಹೋಗಿ. ಆಗ ಮಿಸ್ತ್ರಿಗೂ ಪುರುಸೊತ್ತು, ಮರಕ್ಕೂ ಒಣ ಹವೆ.

ಮರ ಬದಲಿಸಿದರೆ ದಾಖಲೆಯಲ್ಲಿ ತಿದ್ದುಪಡಿ ಬೇಕೆ?

ಕೋವಿಯ ಗುರುತು ಲೋಹದ ಮೇಲಿನ ಸಂಖ್ಯೆ. ಅದನ್ನು ಯಾರೂ ಮುಟ್ಟಬಾರದು, ಉಜ್ಜಬಾರದು. ಕೆಲವು ಹಳೆಯ ಕೋವಿಗಳಲ್ಲಿ ಮರದ ಮೇಲೂ ಸಂಖ್ಯೆ ಒತ್ತಿರುತ್ತಾರೆ. ಅಂಥದ್ದಾದರೆ ಬದಲಿಸುವ ಮುನ್ನ ಫೋಟೊ ತೆಗೆದಿಟ್ಟು, ವಿನಾಯಿತಿ ಪತ್ರವನ್ನೋ ಪರವಾನಗಿಯನ್ನೋ ಕೊಟ್ಟ ಕಚೇರಿಯಲ್ಲಿ ಒಂದು ಮಾತು ಕೇಳಿ. ಮಡಚುವ ಬಟ್, ಬಟ್ ತೆಗೆದು ಬರೀ ಹಿಡಿ ಇಡುವುದು ಇಂಥ ಆಸೆಗಳನ್ನು ಬಿಟ್ಟುಬಿಡಿ. ನಳಿಗೆಯನ್ನು ಗಿಡ್ಡ ಮಾಡಿಸುವುದು 6ನೆಯ ಕಲಮಿನ ಕೆಳಗೆ ಬರುವ ಸಂಗತಿ.

ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು. ಹೈಕೋರ್ಟು 2021ರಲ್ಲಿ ಅದನ್ನು ಎತ್ತಿ ಹಿಡಿಯಿತು. ಜಿಲ್ಲೆಯ ಹೊರಗೆ ಒಯ್ಯುವಾಗ ಒಂದು ರೈಫಲ್, ಒಂದು ನಯವಾದ ನಳಿಗೆಯ ಕೋವಿ ಎಂಬ ಮಿತಿ ಇದೆ. ಮೈಸೂರಿನ ಅಂಗಡಿಗೆ ಹೋಗುವಾಗ ಮನೆಯ ಎಲ್ಲ ಕೋವಿಗಳನ್ನೂ ಒಟ್ಟಿಗೆ ಜೀಪಿಗೆ ತುಂಬಬೇಡಿ. ಪತ್ರ ಜೊತೆಯಲ್ಲಿರಲಿ. 1861ರಿಂದ ನಮ್ಮ ಹಿರಿಯರು ಕಾಪಾಡಿಕೊಂಡು ಬಂದ ಹಕ್ಕು ಇದು. ಒಬ್ಬರ ಅಜಾಗರೂಕತೆ ಎಲ್ಲರ ಹಕ್ಕಿಗೆ ಕುತ್ತು ತರುತ್ತದೆ.

ಕೂರಿಸಿ ತಂದ ಮೇಲೆ ಏನು ನೋಡಬೇಕು?

ತೋಟಾ ಒಳಗೆ ತಳ್ಳುವ ಬೋಲ್ಟಿನ (ಮರ ಹಿಡಿದಿಡುವ ಬೋಲ್ಟ್ ಅಲ್ಲ) ಮೇಲಿನ ಸಂಖ್ಯೆ ಆ್ಯಕ್ಷನ್ನಿನ ಸಂಖ್ಯೆಗೆ ಹೊಂದುತ್ತದೆಯೇ ನೋಡಿ. ಲೀ-ಎನ್‌ಫೀಲ್ಡ್ ಮಾದರಿಯಲ್ಲಿ ಪ್ರತಿ ಬೋಲ್ಟನ್ನೂ ಅದರದೇ ಕೋವಿಗೆ ಹೊಂದಿಸಿರುತ್ತಾರೆ. ಎರಡು ಕೋವಿ ಒಂದೇ ಮೇಜಿನ ಮೇಲೆ ಬಿಚ್ಚಿದ್ದರೆ ಅದಲುಬದಲಾಗಬಹುದು, ಅದು ಅಪಾಯ. ಖಾಲಿ ಕೋವಿಯಲ್ಲಿ ಸೇಫ್ಟಿ ಪೂರ್ತಿ ಹಿಂದೆ ಮುಂದೆ ಹೋಗುತ್ತದೆಯೇ, ಟ್ರಿಗರ್ ಮರಕ್ಕೆ ಉಜ್ಜುತ್ತದೆಯೇ ಪರೀಕ್ಷಿಸಿ.

ಒಂದೇ ಮರದ ರೈಫಲಿನಲ್ಲಿ ನಳಿಗೆಯ ಕೆಳಗೆ ಹತ್ತು ರೂಪಾಯಿಯ ನೋಟು ಜಾರಿಸಿ ನೋಡುವ ರೂಢಿ ಇದೆ. ನಳಿಗೆಯನ್ನು ಮರಕ್ಕೆ ತಾಗದಂತೆ ಬಿಟ್ಟ ಕೋವಿಯಲ್ಲಿ ಅದು ಸರಾಗವಾಗಿ ಹೋಗಬೇಕು. ಲೀ-ಎನ್‌ಫೀಲ್ಡ್ ವಂಶಕ್ಕೆ ಈ ನಿಯಮ ಹಾಗೇ ಅನ್ವಯಿಸದು. ಅದರ ಮುಂದಿನ ಮರ ನಿಗದಿತ ಜಾಗಗಳಲ್ಲಿ ಒತ್ತಿಯೇ ಇರಬೇಕು. ನೋಟು ಹೋಗಲಿಲ್ಲವೆಂದು ಅದನ್ನು ಕೆರೆಯಬೇಡಿ.

ಅನುಮತಿ ಇರುವ ರೇಂಜಿನಲ್ಲಿ ಹತ್ತು ಗುಂಡು ಹಾರಿಸಿ, ಸ್ಕ್ರೂಗಳನ್ನು ಮತ್ತೆ ಬಿಗಿ ಮಾಡಿ. ಹೊಸ ಮರ ಮೊದಲ ಒದೆತಗಳಿಗೆ ತುಸು ಅಮುಕಿಕೊಳ್ಳುತ್ತದೆ. ಗುರಿ ಹಿಂದಿನ ಜಾಗದಲ್ಲಿ ಇರದು, ಗುರಿಕಟ್ಟನ್ನು ಹೊಸದಾಗಿ ಹೊಂದಿಸಿ.

ಯಾವ ಎಣ್ಣೆ ಹಚ್ಚಬೇಕು? ನಮ್ಮ ಮನೆಯಲ್ಲಿ ಮೊದಲಿನಿಂದಲೂ ತೆಂಗಿನೆಣ್ಣೆ.

ತೆಂಗಿನೆಣ್ಣೆ ಹಚ್ಚಿದ ದಿನ ಹೊಳೆಯುತ್ತದೆ, ಆದರೆ ಎಂದಿಗೂ ಒಣಗುವುದಿಲ್ಲ. ಧೂಳು ಹಿಡಿದು, ನಾತ ಬಂದು, ಮರದೊಳಗೆ ಇಳಿಯುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ. ಪೇಂಟ್ ಅಂಗಡಿಯಲ್ಲಿ ಕುದಿಸಿದ ಅಗಸೆ ಎಣ್ಣೆ ಕೇಳಿ, ಹಸಿಯದ್ದು ಒಣಗಲು ವಾರಗಟ್ಟಲೆ ಹಿಡಿಯುತ್ತದೆ. ನಾಲ್ಕೈದು ಹನಿಗಳನ್ನು ಅಂಗೈಯಲ್ಲಿ ಹಾಕಿಕೊಂಡು ಬಿಸಿ ಹುಟ್ಟುವವರೆಗೆ ಉಜ್ಜಿ, ಉಳಿದದ್ದನ್ನು ಒರೆಸಿ, ಎರಡು ದಿನ ಬಿಡಿ. ಹೀಗೆ ಹತ್ತು ಸಲ. ಬಟ್ ಪ್ಲೇಟಿನ ಕೆಳಗೆ ಮತ್ತು ಒಳಗಿನ ಕೆತ್ತಿದ ಭಾಗಕ್ಕೆ ಮರೆಯದೆ ಹಚ್ಚಿ. ತೇವ ಒಳಸೇರುವುದು ಕಣ್ಣಿಗೆ ಕಾಣದ ಈ ಕಡೆಗಳಿಂದಲೇ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಹಗ್ಗದ ಮೇಲೆ ಬಿಡಿಸಿ ಒಣಹಾಕಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ.

ಪೂಜೆಯ ದಿನ ಗಂಧ, ಕೋವಿಗೆ ಮುಡಿಸುವ ತೋಕ್ ಪೂ ಎಂಬ ಹೂವು, ನೀರಿನ ಹನಿ ಎಲ್ಲ ಕೋವಿಯ ಮೇಲಿರುತ್ತವೆ. ಅಂದು ಹಾಗೇ ಇರಲಿ. ಮಾರನೆಯ ಬೆಳಿಗ್ಗೆ ಹೂವು ತೆಗೆದು, ಗಂಧ ಒರೆಸಿ, ನಳಿಗೆಯನ್ನು ಕೆಳಮುಖ ಮಾಡಿ ನಿಲ್ಲಿಸಿ.

ಹಿಡಿಗೆ ಕಡವೆಯ ಕೊಂಬಿನ ತುಂಡು ಕೂರಿಸಬಹುದೆ? ಅಜ್ಜನ ಕಾಲದ್ದು ಮನೆಯಲ್ಲಿದೆ.

ಬೇಡ. ಅದು ವನ್ಯಜೀವಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಸಾಕು ಎಮ್ಮೆಯ ಕೊಂಬು ಅಷ್ಟೇ ಚೆಂದವಾಗಿ ಕಪ್ಪಗೆ ಹೊಳೆಯುತ್ತದೆ.

ಹೊಸ ಮರ ಹಾಕಿಸಿದ ರೈಫಲನ್ನು ಹಂದಿ ಕಾವಲಿಗೆ ಬಳಸಬಹುದೆ?

1972ರ ವನ್ಯಜೀವಿ ಕಾಯ್ದೆಯ 9ನೆಯ ಕಲಂ ಬೇಟೆಯನ್ನು ನಿಷೇಧಿಸಿದೆ. ಗದ್ದೆ ಹಾಳು ಮಾಡುವ ಪ್ರಾಣಿಯ ವಿಚಾರದಲ್ಲೂ 11ನೆಯ ಕಲಮಿನಂತೆ ಅಧಿಕಾರಿಯ ಲಿಖಿತ ಆದೇಶ ಬೇಕು. ಅದಿಲ್ಲದೆ ಗುಂಡು ಹಾರಿಸಬೇಡಿ. ಕತ್ತಲಲ್ಲಿ ಕಾಫಿ ಗಿಡದ ನಡುವೆ ಅಲುಗಾಡಿದ್ದು ಹಂದಿಯೇ ಎಂದು ಹೇಳಲು ಯಾರಿಂದಲೂ ಆಗದು.

ತೆಗೆದ ಹಳೆಯ ಮರವನ್ನು ಏನು ಮಾಡುವುದು?

ಒಲೆಗೆ ಹಾಕಬೇಡಿ, ಅಂಗಡಿಯಲ್ಲೂ ಬಿಟ್ಟು ಬರಬೇಡಿ. ಮುಂದೆ ಬರುವ ಮಿಸ್ತ್ರಿಗೆ ಅಳತೆಯ ಮಾದರಿ ಅದೇ. ಸಣ್ಣ ರಿಪೇರಿಗಳಿಗೆ ಅದೇ ಬಣ್ಣದ ಒಣ ಮರವೂ ಅದೇ. ಅಪ್ಪನ ರೈಫಲಿನ ಹಳೆಯ ಬಟ್ಟಿನಲ್ಲಿ ಅವರ ಬಲಗೆನ್ನೆ ಒರಗುತ್ತಿದ್ದ ಜಾಗದ ಪಾಲಿಶ್ ಪೂರ್ತಿ ಸವೆದು, ಅಂಗೈ ಅಗಲದ ತಿಳಿ ಬಣ್ಣ ಉಳಿದಿದೆ. ಹೊಸ ಮರದ ಮೇಲಂಚಿನ ಎತ್ತರ ಗೊತ್ತು ಮಾಡಲು ಮಿಸ್ತ್ರಿ ಅಳತೆಪಟ್ಟಿ ತೆಗೆಯಲಿಲ್ಲ, ಆ ಸವೆದ ಜಾಗದ ಮೇಲೆ ಪಟ್ಟಿಯೊಂದನ್ನು ಇಟ್ಟು ಗುರುತು ಹಾಕಿಕೊಂಡರು. ಈಗ ಆ ಹಳೆಯ ಬಟ್ ಬಟ್ಟೆಯಲ್ಲಿ ಸುತ್ತಿಕೊಂಡು ಅಟ್ಟದ ಮೇಲಿದೆ, ನನ್ನ ಮಗಳ ಅಳತೆ ತೆಗೆಯುವ ದಿನಕ್ಕಾಗಿ.